ಇಂಟರ್‌ನೆಟ್ ಕರೆ ಮತ್ತು ಫೋನಿನ ಮರೆಯ ಕೆಲಸ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಬೆಂಗಳೂರಿನ ಸುತ್ತಲಿನ ಆನೇಕಲ್, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಬೇಸಾಯದ ಮನೆಯೆಂದರೆ ಈಗ ಅರ್ಧ ಬೇಸಾಯ, ಅರ್ಧ ಸಂಬಳ. ಹಿರಿಯರು ರಾಗಿ, ಹಿಪ್ಪುನೇರಳೆ, ಹೂವು, ಸೊಪ್ಪು ನೋಡಿಕೊಳ್ಳುತ್ತಾರೆ. ಮಕ್ಕಳು ವೈಟ್‌ಫೀಲ್ಡಿನ ಕಂಪನಿಗೋ, ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಗೋ, ಪೀಣ್ಯದ ಕಾರ್ಖಾನೆಗೋ ಹೋಗುತ್ತಾರೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಪ್ರಾರಂಭಿಸಿದಾಗ, ಒಂದು ದಿನ ಹೊಲದ ಬದುವಿನ ಮೇಲೆ ಕುಳಿತು ಜರ್ಮನಿಯಲ್ಲಿರುವ ಮಗಳ ಮುಖ ನೋಡುತ್ತಾ ಮಾತನಾಡಬಹುದೆಂದು ಯಾರೂ ಎಣಿಸಿರಲಿಲ್ಲ. ಹಳದಿ ಫಲಕದ ಎಸ್‌ಟಿಡಿ ಬೂತಿನಲ್ಲಿ ಮೀಟರನ್ನೇ ನೋಡುತ್ತಾ ಆತುರದಲ್ಲಿ ಮಾತು ಮುಗಿಸುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಮರೆತಿರಲಾರರು.

ಈಗ ಮೀಟರಿಲ್ಲ. ಕರೆಗೆ ಬೇರೆ ಕಾಸೂ ಇಲ್ಲ. ಕಾಸಿಲ್ಲದೆ ಸಿಕ್ಕಿದ ಈ ಮಾತಿಗೆ ಪ್ರತಿಯಾಗಿ ಏನನ್ನು ಕೊಡಲಾಗುತ್ತಿದೆ ಎಂಬುದನ್ನು ವಿಚಾರಿಸುವುದು ಅಗತ್ಯ. ಬಿತ್ತನೆ ಬೀಜವನ್ನು ಪುಕ್ಕಟೆ ಕೊಟ್ಟರೂ ಚೀಲದ ಮೇಲಿನ ಚೀಟಿಯನ್ನು ಓದದೆ ರೈತನು ಬಿತ್ತುವುದಿಲ್ಲವಷ್ಟೆ.

ಸ್ಕೈಪಿನ ಕಥೆ

ಇಂಟರ್‌ನೆಟ್ ಕರೆಯಲ್ಲಿ ಮಾತು ಮೊದಲಿನಂತೆ ಒಂದೇ ತಂತಿಯ ಮೇಲೆ ಹರಿಯುವುದಿಲ್ಲ. ಧ್ವನಿಯನ್ನು ಸೆಕೆಂಡಿನ ಕೆಲವೇ ನೂರರ ಭಾಗಗಳಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ವಿಳಾಸ ಬರೆದು ಕಳುಹಿಸಲಾಗುತ್ತದೆ. ಆ ಕಡೆಯ ಯಂತ್ರವು ಅವನ್ನು ಕ್ರಮವಾಗಿ ಜೋಡಿಸಿ ಕೇಳಿಸುತ್ತದೆ. ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ಸರ್ಕಾರವು ಅನುಮತಿ ನೀಡಿದ್ದು 2002ರ ಏಪ್ರಿಲ್ 1ರಿಂದ. ಮರುವರ್ಷವೇ, 2003ರಲ್ಲಿ, ಸ್ಕೈಪ್ ಎಂಬ ತಂತ್ರಾಂಶ ಬಂದಿತು. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರಾಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರೀಸ್ ಇದರ ಸ್ಥಾಪಕರು. ತಂತ್ರಾಂಶವನ್ನು ಬರೆದವರು ಎಸ್ಟೋನಿಯಾ ದೇಶದ ತಜ್ಞರು. ಹೊರದೇಶದ ಗಿರಾಕಿಗಳೊಡನೆ ಮಾತನಾಡಬೇಕಾದ ಕಚೇರಿಗಳಿಗೂ, ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ಮನೆಗಳಿಗೂ ಇದು ವರವಾಯಿತು.

ಇಷ್ಟು ಕರೆಗಳನ್ನು ಸಾಗಿಸಲು ಕಂಪನಿಯು ದೊಡ್ಡ ಯಂತ್ರಾಗಾರವನ್ನೇನೂ ಕಟ್ಟಿರಲಿಲ್ಲ. ಬಳಸುವವರ ಗಣಕಯಂತ್ರಗಳೇ ಒಂದಕ್ಕೊಂದು ಕೈಜೋಡಿಸಿ ಕೆಲಸ ಸಾಗಿಸುತ್ತಿದ್ದವು. ಅವುಗಳಲ್ಲಿ ಒಳ್ಳೆಯ ವೇಗದ ಸಂಪರ್ಕ ಮತ್ತು ನೇರ ಸಾರ್ವಜನಿಕ ವಿಳಾಸವಿದ್ದ ಯಂತ್ರಗಳನ್ನು ತಂತ್ರಾಂಶವೇ ಆರಿಸಿ 'ಸೂಪರ್‌ನೋಡ್' ಮಾಡುತ್ತಿತ್ತು. ಅಂಥ ಯಂತ್ರವು ತನ್ನ ಒಡೆಯನ ಕರೆಯಲ್ಲದೆ, ಯಾರು ಎಲ್ಲಿದ್ದಾರೆಂದು ಹುಡುಕಿಕೊಡುವ ಕೆಲಸವನ್ನೂ ಊರು ಹೆಸರು ತಿಳಿಯದ ಪರರಿಗಾಗಿ ಮಾಡುತ್ತಿತ್ತು. ನೇರ ಸಂಪರ್ಕ ಸಿಗದ ಕಡೆ ಪರರ ಮಾತಿನ ತುಣುಕುಗಳೂ ಹೀಗೆ ಮೂರನೆಯವರ ಯಂತ್ರದ ಮೂಲಕ ಸಾಗುತ್ತಿದ್ದವು. ಒಡೆಯನು ಮಾತು ಮುಗಿಸಿ ಊಟಕ್ಕೆ ಹೋದರೂ, ಸ್ಕೈಪ್ ತೆರೆದಿರುವವರೆಗೆ ಕೆಲಸ ನಡೆದೇ ಇರುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಒಬ್ಬರ ಹೊಲದ ಕಳೆಗೆ ಇನ್ನೊಬ್ಬರು ಬರುತ್ತಾರೆ, ಆ ಸಾಲವನ್ನು ಮುಂದಿನ ವಾರ ತೀರಿಸಲಾಗುತ್ತದೆ. ಸ್ಕೈಪಿನ ಏರ್ಪಾಡೂ ಒಂದು ಬಗೆಯ ಮುಯ್ಯೇ. ಆದರೆ ಮುಯ್ಯಿಯಲ್ಲಿ ಯಾರು ಯಾರ ಹೊಲಕ್ಕೆ ಹೋದರೆಂದು ಇಡೀ ಊರಿಗೆ ಗೊತ್ತಿರುತ್ತದೆ. ಇಲ್ಲಿ ಎತ್ತು ಯಾರ ನೊಗಕ್ಕೆ ಹೋಗಿದೆಯೆಂದು ಎತ್ತಿನ ಒಡೆಯನಿಗೇ ತಿಳಿಯುತ್ತಿರಲಿಲ್ಲ. ಒಪ್ಪಂದದ ಉದ್ದನೆಯ ಪಾಠದಲ್ಲಿ ಯಂತ್ರದ ಶಕ್ತಿಯನ್ನು ಬಳಸಿಕೊಳ್ಳುವ ಮಾತು ಇದ್ದುದು ನಿಜ. ಅದನ್ನು ಓದಿದವರು ಎಷ್ಟು ಮಂದಿ? ಮನೆಯ ಗಣಕಗಳು ಹೆಚ್ಚಾಗಿ ಈ ಆಯ್ಕೆಗೆ ಸಿಕ್ಕುತ್ತಿರಲಿಲ್ಲ. ವೇಗದ ಸಂಪರ್ಕವಿದ್ದ ವಿಶ್ವವಿದ್ಯಾನಿಲಯಗಳ ಯಂತ್ರಗಳು ಸಿಕ್ಕುತ್ತಿದ್ದವು. ಹೊರದೇಶದ ಕೆಲವು ವಿಶ್ವವಿದ್ಯಾನಿಲಯಗಳು ಈ ಕಾರಣದಿಂದಲೇ ಸ್ಕೈಪನ್ನು ನಿರ್ಬಂಧಿಸಿದ್ದುಂಟು.

ಈ ಮರೆಯ ಏರ್ಪಾಡು ಎಷ್ಟು ದೊಡ್ಡದೆಂಬುದು 2007ರ ಆಗಸ್ಟ್ 16ರಂದು ಬಯಲಾಯಿತು. ವಿಂಡೋಸ್ ನವೀಕರಣದಿಂದಾಗಿ ಲೋಕದಾದ್ಯಂತ ಅಸಂಖ್ಯ ಯಂತ್ರಗಳು ಒಂದೇ ಹೊತ್ತಿಗೆ ಆರಿ ಹತ್ತಿಕೊಂಡವು, ಸೂಪರ್‌ನೋಡುಗಳು ಸಾಲದಾದವು, ಸುಮಾರು ಎರಡು ದಿನ ಸ್ಕೈಪ್ ಸರಿಯಾಗಿ ಕೆಲಸ ಮಾಡಲಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಸ್ಕೈಪನ್ನು ಕೊಂಡುಕೊಂಡಿತು. 2012ರಲ್ಲಿ ಆ ಕೆಲಸವನ್ನು ತನ್ನ ಸ್ವಂತ ಯಂತ್ರಗಳಿಗೆ ವರ್ಗಾಯಿಸಿತು. ಬಳಸುವವರ ಹೊರೆ ಇಳಿಯಿತು, ಆದರೆ ಕರೆಗಳ ಕೀಲಿಕೈ ಒಂದೇ ಕೈಗೆ ಹೋಯಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ಅಮೆರಿಕದ ಗೂಢಚಾರ ಇಲಾಖೆಯ ಕಾಗದಗಳಲ್ಲಿ ಸ್ಕೈಪಿನ ಹೆಸರೂ ಇತ್ತು. 2025ರ ಮೇ 5ರಂದು ಸ್ಕೈಪ್ ಮುಚ್ಚಿತು.

ಕಣದ ಕಾವಲುಗಾರ

ಸ್ಕೈಪ್ ಹೋಯಿತು, ಮರೆಯ ಕೆಲಸ ಹೋಗಲಿಲ್ಲ. ಅದು ಗಣಕದಿಂದ ಜೇಬಿನ ಫೋನಿಗೆ ಇಳಿದಿದೆ. ಪರದೆ ಆರಿದ ಮೇಲೂ ಆ್ಯಪುಗಳು ಹಿನ್ನೆಲೆಯಲ್ಲಿ ಕೆಲಸ ಮಾಡುತ್ತವೆ. ಇದೆಲ್ಲವೂ ಕಳ್ಳತನವೆಂದು ಹೆದರಬೇಕಾಗಿಲ್ಲ. ಮಗನ ಕರೆ ಬಂದಾಗ ಫೋನು ಗಣಗಣಿಸಬೇಕಾದರೆ ಒಳಗೆ ಏನೋ ಒಂದು ಎಚ್ಚರವಾಗಿರಲೇಬೇಕು. ಕಣದಲ್ಲಿ ರಾಶಿ ಇದ್ದಾಗ ಕಾವಲುಗಾರನು ಎಚ್ಚರವಾಗಿರುವುದು ಬೇಕಾದದ್ದೇ. ಆದರೆ ಅವನು ರಾತ್ರಿಯೆಲ್ಲಾ ರಾಶಿಯನ್ನು ಅಳೆದು, ಬೆಳಗಾಗುವುದರೊಳಗೆ ಮಂಡಿಯವನಿಗೆ ಲೆಕ್ಕ ಒಪ್ಪಿಸಿದರೆ ಅದು ಕಾವಲಾಗಲಾರದು.

ಇಂಥದೊಂದು ಪ್ರಸಂಗ ನಮ್ಮ ದೇಶದಲ್ಲಿಯೇ ನಡೆದಿದೆ. ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ 2019ರ ಜೂನ್‌ನಲ್ಲಿ ಇಂಟರ್‌ನೆಟ್ ಕರೆಯ ಸೌಲಭ್ಯವನ್ನೂ ಸೇರಿಸಿತು. ಮರುತಿಂಗಳ ಕೊನೆಗೆ ಅದರ ಹೊಸ ಆವೃತ್ತಿಯು ಹಲವರ ಫೋನಿನಿಂದ, ಅವರನ್ನು ಕೇಳದೆ, ಬ್ಯಾಂಕೊಂದಕ್ಕೆ ಎಸ್ಸೆಮ್ಮೆಸ್ ಕಳುಹಿಸಿ ಯುಪಿಐ ನೋಂದಣಿಯನ್ನು ಪ್ರಾರಂಭಿಸಿಬಿಟ್ಟಿತು. ಇದು ತಂತ್ರಾಂಶದ ದೋಷವೆಂದು ಕಂಪನಿಯು ಒಪ್ಪಿ ಕ್ಷಮೆ ಕೇಳಿ ಸರಿಪಡಿಸಿತು. ದೋಷವೇ ಇರಬಹುದು. ಎಸ್ಸೆಮ್ಮೆಸ್ ಕಳುಹಿಸುವ ಅನುಮತಿ ಮೊದಲೇ ದೊರೆತಿತ್ತಾದ್ದರಿಂದ ಆ ದೋಷಕ್ಕೆ ದಾರಿಯಾಯಿತು ಎಂಬುದೇ ಇಲ್ಲಿ ಮುಖ್ಯ. ಅದೇ ವರ್ಷದ ಮೇ ತಿಂಗಳಲ್ಲಿ ವಾಟ್ಸಾಪಿನ ಕರೆ ವ್ಯವಸ್ಥೆಯಲ್ಲಿ ಇನ್ನೂ ಘೋರವಾದ ಬಿರುಕು ಕಂಡುಬಂದಿತು. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಗೂಢಚಾರ ತಂತ್ರಾಂಶವು, ಕರೆಯನ್ನು ಎತ್ತದಿದ್ದರೂ ಫೋನಿನೊಳಗೆ ಸೇರಿಕೊಳ್ಳುತ್ತಿತ್ತು. ಗುರಿಯಾದ ಸುಮಾರು 1,400 ಮಂದಿಯಲ್ಲಿ ಭಾರತದ ವಕೀಲರು, ಪತ್ರಕರ್ತರು, ಕಾರ್ಯಕರ್ತರು ಇದ್ದರು. ಸಾಮಾನ್ಯ ರೈತನನ್ನು ಅಷ್ಟು ದುಬಾರಿ ಅಸ್ತ್ರದಿಂದ ಯಾರೂ ಹೊಡೆಯುವುದಿಲ್ಲ. ಆದರೂ ಆ ಬಿರುಕು ಮುಚ್ಚಿದ್ದು ಹೊಸ ಆವೃತ್ತಿ ಹಾಕಿಕೊಂಡ ಫೋನುಗಳಲ್ಲಿ ಮಾತ್ರ ಎಂಬುದು ನೆನಪಿರಲಿ.

ಫೋನು ಸದಾ ಮಾತು ಕದ್ದು ಕೇಳಿ ಜಾಹೀರಾತು ತೋರಿಸುತ್ತದೆಂಬ ನಂಬಿಕೆ ಬಹಳ ಮಂದಿಗಿದೆ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆ್ಯಪುಗಳನ್ನು ಪರೀಕ್ಷಿಸಿದಾಗ ಮೈಕನ್ನು ಹಾಗೆ ಗುಟ್ಟಾಗಿ ಬಳಸಿದ್ದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಕೆಲವು ಆ್ಯಪುಗಳು ಪರದೆಯ ಮೇಲೆ ನಡೆಯುವುದನ್ನು ಚಿತ್ರೀಕರಿಸಿ ಬೇರೆಯವರಿಗೆ ಕಳುಹಿಸುತ್ತಿದ್ದುದು ಮಾತ್ರ ಸಿಕ್ಕಿತು. ನಿಜವೆಂದರೆ ಮಾತು ಕೇಳುವ ಅಗತ್ಯವೇ ಬೀಳುವುದಿಲ್ಲ. ವಾಟ್ಸಾಪಿನ ಮಾತು 2016ರಿಂದ ಗೂಢಲಿಪಿಯಲ್ಲಿ ಸಾಗುತ್ತದೆ, ಒಳಗಿನದು ಕಂಪನಿಗೂ ತಿಳಿಯುವುದಿಲ್ಲ. ಆದರೆ ಲಕೋಟೆಯನ್ನು ಒಡೆಯದಿದ್ದರೂ ಅಂಚೆಯವನಿಗೆ ವಿಳಾಸ, ಮುದ್ರೆ, ತಾರೀಖು ಕಾಣುತ್ತವೆ. ಸರ್ಜಾಪುರದ ಕಡೆ ಎರಡು ಎಕರೆ ಇರುವ ರೈತನೊಬ್ಬನು ಒಂದೇ ವಾರದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಪತ್ರಬರಹಗಾರನಿಗೆ, ಬ್ಯಾಂಕಿನವರಿಗೆ, ಇಬ್ಬರು ದಲ್ಲಾಳಿಗಳಿಗೆ, ಬೇರೆ ಊರಿನ ಅಣ್ಣತಮ್ಮಂದಿರಿಗೆ ಕರೆ ಮಾಡಿದನೆಂದು ಇಟ್ಟುಕೊಳ್ಳೋಣ. ಒಂದು ಮಾತೂ ಕೇಳದೆ ಅವನ ಜಮೀನು ಮಾರಾಟಕ್ಕಿದೆಯೆಂದೂ, ಅವನಿಗೆ ಹಣದ ತುರ್ತು ಇದೆಯೆಂದೂ ಊಹಿಸಬಹುದು. ಎದುರಾಳಿಗೆ ತುರ್ತು ಗೊತ್ತಾದ ಮೇಲೆ ಬೆಲೆ ಏನಾಗುತ್ತದೆಂಬುದನ್ನು ಸಂತೆಗೆ ಹೋದವರಿಗೆ ವಿವರಿಸಬೇಕಾಗಿಲ್ಲ. ಖಾಸಗಿತನ ಎಂಬುದು ಪಟ್ಟಣದ ಶ್ರೀಮಂತರ ಚಿಂತೆ ಎನ್ನುವವರು ಈ ಲೆಕ್ಕವನ್ನು ಹಾಕಿ ನೋಡಬೇಕು.

ಈ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಕರ್ನಾಟಕದವರೇ ಎಂಬುದು ಸಂತೋಷದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಆಯಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಕೇಳುವ ಪಾಠವನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಈ ಭಾಗ ಜಾರಿಗೆ ಬರಲು ನಿಯಮಗಳು ಪ್ರಕಟವಾದಂದಿನಿಂದ 18 ತಿಂಗಳ ಅವಧಿ ಇಡಲಾಗಿದೆ. ವಿಸ್ತರಣಾ ಕಾರ್ಯಕರ್ತರು ಇದನ್ನು ತಿಳಿದಿದ್ದು, ರೈತರಿಗೆ ಕನ್ನಡದ ಪಾಠವನ್ನೇ ಕೇಳಲು ಹೇಳಿಕೊಡುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದದ್ದು

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಎಂಬ ಭಾಗವಿದೆ. ಮೈಕ್ರೊಫೋನ್, ಕ್ಯಾಮೆರಾ, ಎಸ್ಸೆಮ್ಮೆಸ್, ಕಾಂಟ್ಯಾಕ್ಟ್ಸ್, ಲೊಕೇಶನ್ ಒಂದೊಂದನ್ನೂ ಯಾವ ಯಾವ ಆ್ಯಪಿಗೆ ಕೊಡಲಾಗಿದೆ ಎಂಬುದು ಅಲ್ಲಿ ಕಾಣುತ್ತದೆ. ಕರೆ ಮಾಡುವ ಆ್ಯಪಿಗೆ ಮೈಕ್ ಬೇಕು, ಸರಿ. ಟಾರ್ಚಿನ ಆ್ಯಪಿಗೆ ಮೈಕ್ ಏಕೆ? ಕಾಂಟ್ಯಾಕ್ಟ್ಸ್ ಕೊಡುವಾಗ ಇನ್ನಷ್ಟು ಯೋಚಿಸಬೇಕು. ಆ ಪಟ್ಟಿಯಲ್ಲಿರುವ ಹಾಲಿನ ಡೇರಿಯ ಕಾರ್ಯದರ್ಶಿ, ಬೀಗರು, ನೆರೆಹೊರೆಯವರು ತಮ್ಮ ಸಂಖ್ಯೆಯನ್ನು ಹಂಚಲು ಯಾರಿಗೂ ಒಪ್ಪಿಗೆ ಕೊಟ್ಟಿರುವುದಿಲ್ಲ. 2021ರಲ್ಲಿ ಬಂದ ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ಯಾವುದೇ ಆ್ಯಪು ಮೈಕ್ ಅಥವಾ ಕ್ಯಾಮೆರಾ ಬಳಸುತ್ತಿದ್ದರೆ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ. ಕರೆಯಿಲ್ಲದ ಹೊತ್ತಿನಲ್ಲಿ ಅದು ಕಂಡರೆ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ಯಾವ ಆ್ಯಪೆಂದು ನೋಡಬೇಕು.

ಅಪರಿಚಿತರ ವೀಡಿಯೋ ಕರೆಯ ಬಗ್ಗೆ ಒಂದು ಮಾತು. 2023 ಮತ್ತು 2024ರಲ್ಲಿ ಬೆಂಗಳೂರಿನ ಅನೇಕರಿಗೆ, ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಸ್ಕೈಪ್ ಹಾಕಿಕೊಂಡು ಪೊಲೀಸರ ಮುಂದೆ ಕ್ಯಾಮೆರಾದಲ್ಲಿ ಕುಳಿತಿರಿ ಎಂಬ ಕರೆಗಳು ಬಂದವು. ದೊಡ್ಡ ಕಂಪನಿಗಳ ಇಂಜಿನಿಯರುಗಳೂ ಹಣ ಕಳೆದುಕೊಂಡರು. ಇಂಥ ಕೆಲಸಕ್ಕೆ ಬಳಸಿದ 1,000ಕ್ಕೂ ಹೆಚ್ಚು ಸ್ಕೈಪ್ ಖಾತೆಗಳನ್ನು ಮೈಕ್ರೋಸಾಫ್ಟ್ ಸಹಯೋಗದಿಂದ ಮುಚ್ಚಿಸಿದುದಾಗಿ ಕೇಂದ್ರ ಗೃಹ ಇಲಾಖೆಯು 2024ರ ಮೇ ತಿಂಗಳಲ್ಲಿ ತಿಳಿಸಿತು. ಈಗ ಅದೇ ಮೋಸ ಬೇರೆ ಆ್ಯಪುಗಳಲ್ಲಿ ನಡೆಯುತ್ತಿದೆ. ವೀಡಿಯೋ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಪರದೆ ಹಂಚಿಕೊಳ್ಳಿ ಎಂದವರಿಗೆ ಓಟಿಪಿಯೂ ಬ್ಯಾಂಕಿನ ಲೆಕ್ಕವೂ ಕಾಣುತ್ತವೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಿನ್ನೆಲೆ ಡೇಟಾವನ್ನು ಆ್ಯಪಿಗೊಂದರಂತೆ ನಿಲ್ಲಿಸುವ ಅನುಕೂಲವೂ ಫೋನಿನಲ್ಲಿದೆ. ಯಾವ ಆ್ಯಪು ತಿಂಗಳಿಗೆ ಎಷ್ಟು ಡೇಟಾ ತಿಂದಿತೆಂಬ ಲೆಕ್ಕ ಅಲ್ಲಿಯೇ ಇರುತ್ತದೆ; ಅಪರೂಪಕ್ಕೆ ಬಳಸುವ ಆ್ಯಪು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಅದನ್ನು ತೆಗೆದುಹಾಕುವುದು ಲೇಸು. ಆದರೆ ಎಲ್ಲವನ್ನೂ ಒಟ್ಟಿಗೆ ಮುಚ್ಚಿಬಿಡಬಾರದು. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರನ್ನು ಆ್ಯಪಿನ ಮೂಲಕ ನಡೆಸುವ ರೈತರು ಆ ಆ್ಯಪಿನ ಹಿನ್ನೆಲೆ ಡೇಟಾವನ್ನು ಬಿಟ್ಟಿರಬೇಕು. ಇಲ್ಲವಾದರೆ ರಾತ್ರಿ ಕರೆಂಟು ಬಂದ ಸುದ್ದಿ ಬೆಳಗ್ಗೆ ಫೋನು ತೆರೆದಾಗಲೇ ತಿಳಿದೀತು.