ತಾಯಿಯ ಹಾಲೂ ಮೇಸ್ತ್ರಿಯ ಗಡಿಯಾರವೂ
(ಸಂಘದ ಸಭೆಯಲ್ಲಿ ಆಡಿದ ಮಾತು)



ಏಳನೆಯ ಇಯತ್ತೆ ದಾಟದ ನಾವು ಶರೀರಶಾಸ್ತ್ರ ಹೇಳಲು ನಿಂತದ್ದು ಕಂಡು ಕೆಲವರಿಗೆ ನಗು ಬಂದೀತು. ಬರಲಿ. ಊರಿನ ಹಟ್ಟಿಯಲ್ಲಿ ಹಸು ಕರೆದವರಿಗೆ ಈ ವಿಷಯ ಅರ್ಧ ಗೊತ್ತೇ ಇದೆ. ಕರು ಕೆಚ್ಚಲಿಗೆ ಬಾಯಿ ಹಾಕಿದೊಡನೆ ಹಸು ಸೊರೆ ಬಿಡುತ್ತದೆ. ಯಾರಾದರೂ ಗದರಿದರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೆಂಗಸರ ಮೈಯಲ್ಲೂ ಇದೇ ಕ್ರಮ.

ಮಗು ಚೀಪಿದ ಸುದ್ದಿ ನರಗಳ ದಾರಿಯಿಂದ ಮಿದುಳಿಗೆ ಮುಟ್ಟುತ್ತದೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ಅದು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಆ ರಸ ಹಾಲಿನ ಚೀಲಗಳನ್ನು ಹಿಂಡಿಸುತ್ತದೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಬಿಗಿಯುವುದೂ ಇದೇ. ಗ್ರೀಕ್ ಹೆಸರಿನ ಅರ್ಥವೇ ಶೀಘ್ರ ಪ್ರಸವ. ಅಮೆರಿಕದ ಡು ವಿನ್ಯೋ 1953ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ, 1955ರ ನೊಬೆಲ್ ಪಾರಿತೋಷಕ ಪಡೆದರು. ಹೆತ್ತ ಮೇಲೆ ವಿಪರೀತ ರಕ್ತಸ್ರಾವವಾಗಿ ತಾಯಿ ಸಾಯದಂತೆ ಆಸ್ಪತ್ರೆಯಲ್ಲಿ ಕೊಡುವ ಸೂಜಿಮದ್ದೂ ಇದೇ.

ಕೆಲವರು ಇದನ್ನು ಪ್ರೀತಿಯ ರಸವೆನ್ನುತ್ತಾರೆ. 1987ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗಬ್ಬವಿಲ್ಲದ ಕುರಿಗಳ ಮಿದುಳಿಗೆ ಇದನ್ನು ಸೇರಿಸಿದಾಗ, ತಾವು ಹೆರದ ಮರಿಗಳಿಗೂ ಅವು ತಾಯಿಯಂತೆ ನಡೆದುಕೊಂಡದ್ದು ನಿಜ. ಆದರೆ ಮನುಷ್ಯರ ಮಮತೆ ಒಂದು ತೊಟ್ಟಿನಲ್ಲಿ ಮುಗಿಯುವಂಥದಲ್ಲ. ಉಪ್ಪೊಂದರಿಂದಲೇ ಸಾರಾಗುತ್ತದೆಯೆ?

ನಮ್ಮ ಕಚೇರಿಗೆ ಬಂದ ಒಬ್ಬ ತಂಗಿ ಹೋಟೆಲಿನಲ್ಲಿ ತರಕಾರಿ ಹೆಚ್ಚುವವಳು. ಅವಳ ಕೂಸನ್ನು ಅತ್ತೆ ಮಧ್ಯಾಹ್ನ ಹಿಂಬಾಗಿಲಿಗೆ ತರುತ್ತಾರೆ. ಮೇಸ್ತ್ರಿ ಗಡಿಯಾರ ನೋಡುತ್ತ ಅಲ್ಲೇ ನಿಲ್ಲುತ್ತಾನೆ. "ಅಣ್ಣಾ, ಎದೆ ಕಟ್ಟಿದೆ, ಹಾಲು ಇಳಿಯುವುದಿಲ್ಲ" ಎಂದಳು. ನೆರೆಯವರು ದೃಷ್ಟಿ ತಾಗಿದೆ ಅಂದರಂತೆ. ದೃಷ್ಟಿ ಹೌದು, ಮೇಸ್ತ್ರಿಯದು! ಅಂಜಿಕೆ, ನೋವು, ಅವಸರ ಇವೆಲ್ಲ ಈ ರಸವನ್ನು ತಡೆಯುತ್ತವೆ. ಇಳಿಯದೆ ನಿಂತ ಹಾಲು ಮುಂದೆ ಬರುವ ಹಾಲನ್ನೂ ಕಡಿಮೆ ಮಾಡುತ್ತದೆ.

1961ರ ಹೆರಿಗೆ ಸೌಲಭ್ಯ ಕಾನೂನು, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡುವ ಬಿಡುವು ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹಕ್ಕನ್ನು ಉಳಿಸಿದ್ದಾರೆ. ಹತ್ತು ಮಂದಿಗಿಂತ ಕಡಿಮೆ ಜನರಿರುವ ಚಹಾದಂಗಡಿಗೆ ಅದು ತಾಗದು. ಆ ಜಗಳ ಬೇರೆ ಇದೆ. ಬಿಡುವು ಸಿಕ್ಕಿದರೂ ಕೂರುವುದೆಲ್ಲಿ? ಪಾತ್ರೆ ತೊಳೆಯುವ ಮೋರಿಯ ಪಕ್ಕವೆ?

ಬಾಗಿಲಿರುವ ಒಂದು ಕೋಣೆ, ಒಂದು ಬೆಂಚು, ಆ ಹೊತ್ತಿನಲ್ಲಿ ಮೇಸ್ತ್ರಿ ಅತ್ತ ಸುಳಿಯಬಾರದು. ಮಾಲಿಕರ ಮುಂದೆ ನಾವು ಇಡಲಿರುವ ಬೇಡಿಕೆ ಇಷ್ಟು. ಸಹಿಯ ಪಟ್ಟಿ ಮೇಜಿನ ಮೇಲಿದೆ. ಭಟ್ಟರೂ ಸಪ್ಲಾಯರೂ ಸಹಿ ಹಾಕಿಯೇ ಹೋಗಬೇಕು.