ಸುಡುವ ತಾರಸಿ: ಹೊಸ ಮನೆ ಕಟ್ಟುವಾಗ ನಾವು ಕೇಳದೇ ಬಿಟ್ಟ ಪ್ರಶ್ನೆ

ಇಯರ್‌ಫೋನ್ ಹಾಕ್ಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ಬಸ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದೀರಾ? ಹಾಗಾದ್ರೆ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿ. ಎಲ್ಲೋ ಒಂದು ಹೊಸ ಕಟ್ಟಡ ಏಳ್ತಾ ಇರುತ್ತೆ. ಇವತ್ತಿನ ಮಾತು ಅಂಥ ಹೊಸ ಮನೆಗಳ ಬಗ್ಗೆ. ಶುರು ಮಾಡೋದು ನಮ್ಮನೆಯಿಂದಾನೇ.

ಆರ್‌.ಟಿ. ನಗರದ ಬಾಡಿಗೆ ಮನೆಯಲ್ಲಿ ಬೆಳೆದವರು ನಾವು. ಅಪ್ಪ ರಿಟೈರ್ ಆದಾಗ ಬಂದ ದುಡ್ಡು, ನನ್ನ ಹೆಸರಿನ ಹೋಮ್ ಲೋನ್, ಎರಡೂ ಸೇರಿಸಿ ಯಲಹಂಕದ ಹತ್ತಿರ ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿದ್ವಿ. 2024ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ ಬಿಸಿಲು. ಆ ರಾತ್ರಿ ಹನ್ನೊಂದು ಗಂಟೆಗೆ ಮೇಲಿನ ರೂಮಿನಿಂದ ಅಮ್ಮ ಕೂಗಿದ್ರು, "ತಲೆ ಸುತ್ತುತ್ತಿದೆ ಕಣೋ" ಅಂತ. ಅಮ್ಮನಿಗೆ ಬಿಪಿ ಇದೆ. ಕೈ ಹಿಡಿದು ಇಳಿಸ್ಕೊಂಡು ಬಂದು ಹಾಲ್‌ನಲ್ಲಿ ಚಾಪೆ ಹಾಕಿ ಮಲಗಿಸಿದ್ವಿ. ಆ ಬೇಸಿಗೆ ಪೂರ್ತಿ ಅವರು ಮಲಗಿದ್ದು ಅಲ್ಲೇ. ಇಷ್ಟು ಸಾಲ ಮಾಡಿ ಕಟ್ಟಿದ ಮನೆ, ಅಮ್ಮನಿಗೇ ರೂಮಿಲ್ಲ!

ಯಾಕೆ ಹೀಗಾಯ್ತು? ತಾರಸಿ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಅದನ್ನ ಒಳಗೆ ಬಿಡುತ್ತೆ. ಮೇಲಾಗಿ ನಮ್ಮ ರೂಮಿಗೆ ಪಶ್ಚಿಮಕ್ಕೆ ದೊಡ್ಡ ಗ್ಲಾಸ್ ಕಿಟಕಿ. ಸಜ್ಜಾ ಇಲ್ಲ. "ಸಜ್ಜಾ ಹಾಕಿದ್ರೆ ಎಲಿವೇಷನ್ ಕೆಡುತ್ತೆ ಸಾರ್" ಅಂದಿದ್ರು ಮೇಸ್ತ್ರಿ. ನಾವೂ ತಲೆ ಆಡಿಸಿದ್ವಿ.

ಮನೆ ಕಟ್ಟುವಾಗ ನಮ್ಮನ್ನ ಎರಡು ವಿಷಯ ಮಾತ್ರ ಕೇಳಿದ್ರು: ಸೋಲಾರ್ ವಾಟರ್ ಹೀಟರ್ ಇದೆಯಾ, ಮಳೆನೀರು ಕೊಯ್ಲು ಇದೆಯಾ. ಸೋಲಾರ್ ಹೀಟರ್ ಬಗ್ಗೆ ರಾಜ್ಯ ಸರ್ಕಾರ 2007ರಲ್ಲೇ ಆದೇಶ ಮಾಡಿತ್ತು. ಮಳೆನೀರಿಗೆ 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಬಂತು. ಕನೆಕ್ಷನ್ ಕೊಡೋವಾಗ ಕೇಳ್ತಾರೆ, ಅದಕ್ಕೇ ಜನ ಮಾಡ್ತಾರೆ. ತಾರಸಿ ಬಗ್ಗೆ ಯಾರೂ ಕೇಳಲಿಲ್ಲ.

ಹಾಗಂತ ನಿಯಮವೇ ಇಲ್ಲ ಅಂದ್ಕೋಬೇಡಿ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಇಕೋ ನಿವಾಸ್ ಸಂಹಿತಾ' ಅನ್ನೋ ಸಂಹಿತೆ ತಂತು. ಮನೆಗಳಿಗೇ ಅಂತ ಮಾಡಿದ್ದು. ಗೋಡೆ, ಕಿಟಕಿ ಮೂಲಕ ಒಳಗೆ ಬರೋ ಶಾಖ ಚದರ ಮೀಟರ್‌ಗೆ ಸರಾಸರಿ 15 ವ್ಯಾಟ್ ದಾಟಬಾರದು ಅನ್ನುತ್ತೆ ಅದು. ತಾರಸಿಗೆ 'ಯು-ವ್ಯಾಲ್ಯೂ' ಅಂತ ಒಂದು ಅಳತೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, ಒಂದು ಚದರ ಮೀಟರ್ ತಾರಸಿ ಎಷ್ಟು ವ್ಯಾಟ್ ಶಾಖ ದಾಟಿಸುತ್ತೆ ಅನ್ನೋದು. ಮಿತಿ 1.2. ನಮ್ಮಂಥ ಆರಿಂಚಿನ ಬರೀ ಕಾಂಕ್ರೀಟ್ ತಾರಸಿಗೆ ಅದು 3ಕ್ಕಿಂತ ಜಾಸ್ತಿ!

ಆದ್ರೆ ಈ ಸಂಹಿತೆ ಅನ್ವಯ ಆಗೋದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟಿಗೆ. ನಮ್ಮ ಥರ್ಟಿ-ಫಾರ್ಟಿ ಬರೀ 111 ಚದರ ಮೀಟರ್. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಒಳಗೆ ತಂದಿದ್ದು ನಿಜ, ಆದ್ರೆ ಅದರ ಕಣ್ಣು ಇರೋದೂ 100 ಕಿಲೋವ್ಯಾಟ್ ಲೋಡ್‌ನಂಥ ದೊಡ್ಡ ಕಟ್ಟಡಗಳ ಮೇಲೆ. ಯಲಹಂಕ, ಜಕ್ಕೂರು, ವಿದ್ಯಾರಣ್ಯಪುರದ ಗಲ್ಲಿ ಗಲ್ಲಿಯಲ್ಲಿ ಏಳ್ತಿರೋ ಸಣ್ಣ ಮನೆಗಳು ಇದರ ಹೊರಗೇ ಉಳಿದ್ವು.

"ಏಸಿ ಹಾಕಿಸಿದ್ರಾಯ್ತು ಬಿಡು" ಅಂದ ಫ್ರೆಂಡ್. ಲೆಕ್ಕ ಹಾಕೋಣ. ರಾತ್ರಿಗೆ 8 ಯೂನಿಟ್ ಅಂದ್ಕೊಳ್ಳಿ. ತಿಂಗಳಿಗೆ 240. ಗೃಹಜ್ಯೋತಿಯ 200 ಯೂನಿಟ್ ಮಿತಿ ಏಸಿಯೊಂದರಲ್ಲೇ ದಾಟಿ ಹೋಯ್ತು, ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಮೂರು ತಿಂಗಳ ಬೇಸಿಗೆಗೆ 500 ಕೆಜಿ, ಒಂದೇ ರೂಮಿಂದ. ಇಂಥ ರೂಮು ನಮ್ಮ ಬೀದಿಯಲ್ಲೇ ಎಷ್ಟಿಲ್ಲ?

ಹಾಗಾದ್ರೆ ಏನು ಮಾಡಬಹುದು? ಮೋಲ್ಡಿಂಗ್ ಆದ ಮೇಲೆ, ತಾರಸಿ ಮೇಲೆ ಒಂದೂವರೆ ಇಂಚಿನ ಥರ್ಮೋಕೋಲ್ ಥರದ ಗಟ್ಟಿ ಇನ್ಸುಲೇಷನ್ ಶೀಟ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಪದರ ಮತ್ತು ಬಿಳಿ ಟೈಲ್ಸ್ ಹಾಕಿದ್ರೆ ಆ 1.2ರ ಮಿತಿಯೊಳಗೆ ಬರಬಹುದು. ಪಶ್ಚಿಮದ ಕಿಟಕಿ ಚಿಕ್ಕದಿರಲಿ, ಸಜ್ಜಾ ಇರಲಿ. ತೆರೆಯೋ ಕಿಟಕಿ-ಬಾಗಿಲ ಜಾಗ ಕಾರ್ಪೆಟ್ ಏರಿಯಾದ ಶೇ 12.5ರಷ್ಟಾದರೂ ಇರಬೇಕು ಅಂತ ಬೆಂಗಳೂರಿನ ಹವೆಗೆ ಆ ಸಂಹಿತೆಯೇ ಹೇಳುತ್ತೆ.

ಗೋಡೆಗೂ ದಾರಿ ಇದೆ, ಅದೂ ನಮ್ಮ ಪಕ್ಕದಲ್ಲೇ. ಯಶವಂತಪುರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ ಮಾಡೋ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಅದನ್ನ ಗೂಡಲ್ಲಿ ಸುಡೋದೇ ಬೇಡ. ಕಟ್ಟೋ ಹಂತದಲ್ಲೇ ಕಾರ್ಬನ್ ಉಳಿತಾಯ.

ಹೆಬ್ಬಾಳದಲ್ಲೋ ಥಣಿಸಂದ್ರದಲ್ಲೋ ಫ್ಲಾಟ್ ನೋಡ್ತಿದ್ದೀರಾ? ಕ್ಲಬ್‌ಹೌಸ್ ಆಮೇಲೆ ನೋಡಿ. ಮೊದಲು "ನಿಮ್ಮ ಕಟ್ಟಡದ ಆರ್‌ಇಟಿವಿ ಎಷ್ಟು?" ಅಂತ ಕೇಳಿ. ನಾನು ಹೇಳಿದ ಆ 15 ವ್ಯಾಟ್ ಲೆಕ್ಕ ಅದೇ. ಮೇಲಿನ ಮಹಡಿ ಫ್ಲಾಟ್ ಆದ್ರೆ ತಾರಸಿಯ ಯು-ವ್ಯಾಲ್ಯೂ ಕೇಳಿ. ಉತ್ತರ ಬರದಿದ್ರೆ ಅದೂ ಒಂದು ಉತ್ತರಾನೇ.

ನಾವು ಕಳೆದ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಬಣ್ಣ ಬಳಿಸಿ, ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದ್ವಿ. ಇನ್ಸುಲೇಷನ್‌ಗೆ ಇನ್ನೂ ದುಡ್ಡು ಕೂಡಿಸ್ತಿದ್ದೀವಿ. ರೂಮು ಪೂರ್ತಿ ತಣ್ಣಗಾಗಿಲ್ಲ. ಆದ್ರೆ ಅಮ್ಮ ಈಗ ಮೇಲೇ ಮಲಗ್ತಾರೆ. ನಿಮ್ಮ ಮನೆ ಇನ್ನೂ ಪ್ಲ್ಯಾನ್ ಹಾಳೆಯಲ್ಲೇ ಇದ್ರೆ, ಇವತ್ತು ಸಂಜೆಯೇ ಎಂಜಿನಿಯರ್‌ಗೆ ಫೋನ್ ಮಾಡಿ. ಪೆನ್ಸಿಲ್ ಗೆರೆ ಅಳಿಸೋದು ಸುಲಭ, ಮೋಲ್ಡಿಂಗ್ ಒಡೆಯೋದು ಕಷ್ಟ.

ಮುಂದಿನ ವಾರ ಸಿಗೋಣ.