ಟಿ ಕೋಶಗಳ ವಿದ್ಯಾಭ್ಯಾಸ



ಅರ್ಬುದ ರೋಗದ ಮಾತು ಬಂದಲ್ಲೆಲ್ಲ "ಇಮ್ಯುನೊಥೆರಪಿ ನಮ್ಮವರಿಗೂ ಆದೀತೇ?" ಎಂಬ ಪ್ರಶ್ನೆ ಈಗ ಕೇಳಿಬರುತ್ತದೆ. ಉತ್ತರಕ್ಕೆ ಮೊದಲು ಒಂದು ಸಣ್ಣ ಜೀವಕೋಶದ ವಿದ್ಯಾಭ್ಯಾಸವನ್ನು ತಿಳಿಯಬೇಕು.

ಟಿ ಕೋಶವು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆ. ಅದರ ಮೂಲ ಮೂಳೆಯ ಮಜ್ಜೆ. ಪಾಠಶಾಲೆ ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿ. ಹೆಸರಿನ 'ಟಿ' ಬಂದದ್ದು ಅಲ್ಲಿಂದಲೇ. ಅಲ್ಲಿಯ ಪರೀಕ್ಷೆ ಬಲು ಕಠಿಣ. ದೇಹದ ಸ್ವಂತ ಪ್ರೋಟೀನುಗಳನ್ನೇ ಶತ್ರುವೆಂದು ಬಲವಾಗಿ ಹಿಡಿಯುವ ಕೋಶಕ್ಕೆ ಅಲ್ಲಿಯೇ ಮರಣ; ಏನನ್ನೂ ಗುರುತಿಸಲಾರದ ಕೋಶಕ್ಕೂ ಅದೇ ಗತಿ. 100ಕ್ಕೆ 90ಕ್ಕೂ ಹೆಚ್ಚು ಕೋಶಗಳು ಅನುತ್ತೀರ್ಣ. ನಮ್ಮ ಎಸ್.ಎಸ್.ಎಲ್.ಸಿ.ಯನ್ನು ಶಪಿಸಿದವರು ಇದನ್ನು ಗಮನಿಸಬೇಕು!

ಅರ್ಬುದದ ತೊಡಕು ಇರುವುದು ಇಲ್ಲಿಯೇ. ಗಡ್ಡೆಯು ಹೊರಗಿನಿಂದ ಬಂದ ಕ್ರಿಮಿಯಲ್ಲ, ನಮ್ಮದೇ ಕೋಶಗಳ ಸಂತಾನ. 'ನಮ್ಮವರನ್ನು ಮುಟ್ಟಬೇಡ' ಎಂದು ಕಲಿತ ಯೋಧನು ಅದನ್ನು ಹೇಗೆ ಹೊಡೆದಾನು? ಆದರೆ ವಂಶವಾಹಿಗಳು ಕೆಟ್ಟಾಗ ಆ ಕೋಶದ ಮೈಮೇಲೆ ಕೆಲವು ಹೊಸ ಪ್ರೋಟೀನು ತುಣುಕುಗಳು ಕಾಣಿಸಿಕೊಳ್ಳುತ್ತವೆ. ಅವೇ ಗುರುತು. ಆ ಗುರುತನ್ನು ಕಲಿಸಲು ಗುರುವೊಬ್ಬ ಬೇಕು: ಡೆಂಡ್ರಿಟಿಕ್ ಕೋಶ. ಅದು ಸತ್ತ ಗಡ್ಡೆಕೋಶಗಳ ಚೂರುಗಳನ್ನು ನುಂಗಿ, ಸಮೀಪದ ಲಿಂಫ್ ಗ್ರಂಥಿಗೆ ಸಾಗಿ, ಟಿ ಕೋಶಗಳಿಗೆ ತೋರಿಸುತ್ತದೆ. ಜೊತೆಗೆ 'ಇದು ಅಪಾಯ' ಎಂಬ ಎರಡನೆಯ ಸಂಜ್ಞೆಯನ್ನೂ ಕೊಡಬೇಕು. ಇಲ್ಲವಾದರೆ ಶಿಷ್ಯನು ಜಡನಾಗಿ ಕೂರುತ್ತಾನೆ.

ಈ ಗುರುವನ್ನು 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದವರಲ್ಲಿ ರಾಲ್ಫ್ ಸ್ಟೈನ್‌ಮನ್ ಪ್ರಮುಖರು. 2007ರಲ್ಲಿ ಅವರಿಗೇ ಮೇದೋಜೀರಕ ಗ್ರಂಥಿಯ ಅರ್ಬುದ ತಗಲಿತು. ತಮ್ಮ ಗಡ್ಡೆಯ ಅಂಶಗಳಿಂದ ಡೆಂಡ್ರಿಟಿಕ್ ಕೋಶಗಳಿಗೆ ಪಾಠ ಹೇಳಿಸಿ, ತಮ್ಮ ಮೈಯ ಮೇಲೆಯೇ ಪ್ರಯೋಗಿಸಿಕೊಂಡರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಸಾವಿನ ಸುದ್ದಿ ತಿಳಿಯದ ಸ್ಟಾಕ್‌ಹೋಂನ ಸಮಿತಿಯು ಅಕ್ಟೋಬರ್ 3ರಂದು ಅವರಿಗೆ ನೊಬೆಲ್ ಘೋಷಿಸಿತು. ನಾಲ್ಕೂವರೆ ವರ್ಷ ಅವರು ಬದುಕಿದ್ದು ಆ ಕೋಶಗಳಿಂದಲೇ ಎನ್ನುವಂತಿಲ್ಲ, ಕೀಮೊಥೆರಪಿಯೂ ನಡೆದಿತ್ತು. ಒಬ್ಬ ರೋಗಿಯಿಂದ ಶಾಸ್ತ್ರ ಸಿದ್ಧವಾಗದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಲಿತ ಕೋಶಕ್ಕೂ ಬ್ರೇಕುಗಳುಂಟು. ಸಿಟಿಎಲ್‌ಎ-4 ಎಂಬ ಬ್ರೇಕನ್ನು ತಡೆದರೆ ಇಲಿಗಳ ಗಡ್ಡೆ ಕರಗುವುದೆಂದು ಬರ್ಕ್ಲಿಯಲ್ಲಿ ಜೇಮ್ಸ್ ಆಲಿಸನ್ ಅವರ ತಂಡ 1996ರಲ್ಲಿ ತೋರಿಸಿತು. ಪಿಡಿ-1 ಎಂಬ ಇನ್ನೊಂದನ್ನು 1992ರಲ್ಲಿ ಕ್ಯೋಟೋದ ತಸುಕು ಹೊಂಜೊ ಅವರ ತಂಡ ಪತ್ತೆಹಚ್ಚಿತ್ತು. ಇಬ್ಬರಿಗೂ 2018ರ ನೊಬೆಲ್ ದೊರೆಯಿತು.

ಈಗ ಉತ್ತರ. ಈ ಔಷಧಿಗಳು ಹೊಸ ಪಾಠ ಹೇಳುವುದಿಲ್ಲ, ಬ್ರೇಕು ಸಡಿಲಿಸುತ್ತವೆ ಅಷ್ಟೆ. ಗುರುತುಗಳು ಹೇರಳವಾಗಿರುವ ಮೆಲನೋಮ ಎಂಬ ಚರ್ಮದ ಅರ್ಬುದದಲ್ಲಿ, ಕೆಲವು ಶ್ವಾಸಕೋಶದ ಅರ್ಬುದಗಳಲ್ಲಿ ಫಲ ಕಂಡಿದೆ. ಮೇದೋಜೀರಕದಲ್ಲಿ ಬಹುತೇಕ ಇಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ಔಷಧಿಯ ಹೆಸರನ್ನಲ್ಲ, ಯಾವ ಅರ್ಬುದ, ಗಡ್ಡೆಯ ತುಣುಕಿನ ಪರೀಕ್ಷೆ ಏನು ಹೇಳಿದೆ ಎಂಬುದನ್ನು. ಬ್ರೇಕು ಬಿಟ್ಟ ಕೋಶಗಳು ಸ್ವಂತ ಕರುಳು, ಥೈರಾಯ್ಡ್, ಶ್ವಾಸಕೋಶಗಳ ಮೇಲೂ ಎರಗಬಲ್ಲವು. ಈ ಚಿಕಿತ್ಸೆಯಲ್ಲಿರುವ ಹಿರಿಯರಿಗೆ ಭೇದಿ ಆರಂಭವಾದರೆ, ಮಜ್ಜಿಗೆ ಮೆಂತ್ಯವೆಂದು ಕಾಯದೆ, ಅದೇ ದಿನ ವೈದ್ಯರಿಗೆ ತಿಳಿಸಿರಿ.